ಗಾಂಜಾ ಬಿಡುವ ಆರು ವಾರ: ನಿದ್ದೆಯ ಲೆಕ್ಕ, ಗುಳಿಗೆಯ ಲೆಕ್ಕ

"ಸೇದಿದ ದಿನ ಗುಳಿಗಿ ಕೊಡಬ್ಯಾಡ್ರಿ ಅಂತ ಓಣ್ಯಾಗ ಹೇಳ್ಯಾರ್ರಿ ಸರ. ಎರಡೂ ಕೂಡಿದ್ರ ತಲಿಗಿ ಏರ್ತದಂತ."

ಕಲಬುರಗಿಯಲ್ಲಿ ಮನೋರೋಗ ವಿಭಾಗದ ಹೊರರೋಗಿಗಳನ್ನು ನೋಡುವವರಿಗೆ ಈ ಮಾತು ಹೊಸದಲ್ಲ. ಜೇವರ್ಗಿಯವರೂ ಹೇಳುತ್ತಾರೆ, ಚಿತ್ತಾಪುರದವರೂ ಹೇಳುತ್ತಾರೆ, ಹುಮನಾಬಾದಿನಿಂದ ಬೆಳಗಿನ ಬಸ್ಸು ಹಿಡಿದು ಬಂದವರೂ ಹೇಳುತ್ತಾರೆ. ಇದನ್ನೇ ಸ್ವಲ್ಪ ಲೆಕ್ಕ ಹಾಕಿ ನೋಡಿ. ವಾರಕ್ಕೆ ನಾಲ್ಕು ದಿನ ಸೇದುವ ಹುಡುಗನಿಗೆ ನಾಲ್ಕು ದಿನ ಲಿಥಿಯಂ, ಅಂದರೆ ಮನಸ್ಸನ್ನು ಸಮ ಇಡುವ ಗುಳಿಗೆ, ತಪ್ಪಿತು. ಉಳಿದ ಮೂರು ದಿನದ ಗುಳಿಗೆಯಿಂದ ರಕ್ತದಲ್ಲಿ ಅದರ ಮಟ್ಟ ನಿಲ್ಲುವುದಿಲ್ಲ. ತಿಂಗಳೊಳಗೆ ಉನ್ಮಾದ (ಮನಸ್ಸು ಮಿತಿಮೀರಿ ಏರುವ ಸ್ಥಿತಿ) ಮರಳಿ ಬಂದರೆ ಮನೆಯವರು ಗಾಂಜಾವನ್ನು ಬೈಯುತ್ತಾರೆ, ಹುಡುಗ ಗುಳಿಗೆಯನ್ನು ಬೈಯುತ್ತಾನೆ. ನಿಜವಾಗಿ ಏನು ನಡೆಯಿತೆಂದು ಇಬ್ಬರಿಗೂ ಗೊತ್ತಿಲ್ಲ, ಯಾಕೆಂದರೆ ಯಾರೂ ಬರೆದಿಟ್ಟಿಲ್ಲ.

ಹಾಗಾಗಿ ಮೊದಲು ಇದನ್ನೇ ಸ್ಪಷ್ಟ ಮಾಡುತ್ತೇವೆ: ಸೇದಿದ ದಿನವೂ ಲಿಥಿಯಂ ಅಥವಾ ಅದೇ ಕೆಲಸಕ್ಕೆ ಕೊಡುವ ವ್ಯಾಲ್‌ಪ್ರೊಯೇಟ್ ತಪ್ಪಬಾರದು. ನಿದ್ದೆಗೆಂದು ಕೊಟ್ಟ ಕ್ಲೊನಾಜೆಪಾಮ್, ಲೊರಾಜೆಪಾಮ್ ಜಾತಿಯ ಗುಳಿಗೆಯ ಮಾತು ಬೇರೆ. ನಶೆಯ ಮೇಲೆ ಅದು ಮಂಪರು ಹೆಚ್ಚಿಸುತ್ತದೆ, ಸಾರಾಯಿಯೂ ಸೇರಿದರೆ ಉಸಿರಿಗೇ ಅಪಾಯ. ಅದನ್ನು ಯಾವ ದಿನ ಬಿಡಬೇಕು ಎಂದು ವೈದ್ಯರನ್ನು ಕೇಳಿ ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ವಾಂತಿ, ತಡವರಿಸುವ ನಡಿಗೆ, ಎಬ್ಬಿಸಿದರೂ ಏಳದ ಮಂಪರು ಇದ್ದರೆ ಯಾವ ಗುಳಿಗೆಯೂ ಬೇಡ, ನೇರ ಆಸ್ಪತ್ರೆಗೆ.

ಇಲ್ಲಿ ಬರೆಯುತ್ತಿರುವುದು ವಾರ್ಡಿನಿಂದ ಮನೆಗೆ ಹೋದ ಮೇಲಿನ ಆರು ವಾರದ ಕೆಲಸದ ಬಗ್ಗೆ. ಉನ್ಮಾದ ಇಳಿದಿದೆ, ಬೈಪೋಲಾರ್ (ಮನಸ್ಸು ಒಮ್ಮೆ ಅತಿಯಾಗಿ ಏರುವ, ಒಮ್ಮೆ ಇಳಿಯುವ ರೋಗ) ಎಂದು ಚೀಟಿಯಲ್ಲಿ ಬರೆದಿದ್ದಾರೆ, ಗಾಂಜಾ ಬಿಡಲು ಮನಸ್ಸಿದೆ ಅಥವಾ ಮನೆಯವರ ಒತ್ತಾಯವಿದೆ. ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು.

ಮೊದಲ ದಿನ ಅರ್ಧ ಗಂಟೆ ಪ್ರಶ್ನೆಗೇ ಹೋಗುತ್ತದೆ. "ದಿನಾ ಎಷ್ಟು ಸೇದತಿ?" ಎಂದರೆ "ಸ್ವಲ್ಪ್ರಿ" ಎಂಬ ಉತ್ತರ ಬಿಟ್ಟು ಬೇರೇನೂ ಬರುವುದಿಲ್ಲ. ಅದರ ಬದಲು ಪಾಕೀಟಿನಿಂದ ಶುರು ಮಾಡಬೇಕು. ಒಂದು ಪಾಕೀಟು ಎಷ್ಟು ದಿನ ಬರುತ್ತದೆ? ಎಷ್ಟು ಮಂದಿ ಕೂಡಿ ಸೇದುತ್ತೀರಿ? ಒಂದರಲ್ಲಿ ಎಷ್ಟು ಸಿಗರೇಟು ತುಂಬುತ್ತವೆ? ಮೂರು ಮಂದಿ, ಎರಡು ದಿನ, ಹನ್ನೆರಡು ಸಿಗರೇಟು ಎಂದರೆ ತಲೆಗೆ ದಿನಕ್ಕೆ ಎರಡು ಬಿತ್ತು. ಸಿಗರೇಟಿನ ತಂಬಾಕನ್ನು ಪೂರ್ತಿ ಉದುರಿಸಿ ತುಂಬುತ್ತಾನೋ, ಅರ್ಧ ಉಳಿಸಿ ಬೆರೆಸುತ್ತಾನೋ, ಚಿಲುಮೆಯೋ ಎಂಬುದನ್ನೂ ಕೇಳುತ್ತೇವೆ. ತಂಬಾಕಿನ ಪ್ರಶ್ನೆ ಮುಂದೆ ಗುಳಿಗೆಯ ಪ್ರಮಾಣಕ್ಕೆ ತಗಲುತ್ತದೆ, ಅದನ್ನು ಆಮೇಲೆ ಹೇಳುತ್ತೇವೆ. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: ದಿನದಲ್ಲಿ ಯಾವುದನ್ನು ಬಿಡುವುದು ಕಷ್ಟ? ಹತ್ತರಲ್ಲಿ ಎಂಟು ಮಂದಿ ಎನ್ನುವಷ್ಟು ಸಲ ಒಂದೇ ಉತ್ತರ ಕೇಳಿದ್ದೇವೆ: "ಮಲಗೋಕಿಂತ ಮುಂಚಿಂದು."

ಇನ್ನೊಂದು, ಭಂಗಿ. ಯಾದಗಿರಿ, ರಾಯಚೂರು ಕಡೆಯ ಕೆಲವು ಗುಡಿ-ಮಠಗಳಲ್ಲಿ ಅದನ್ನು ಪ್ರಸಾದವೆಂದೇ ಕೊಡುವ ರೂಢಿ ಇದೆ. ಹೋಳಿ ಹಬ್ಬಕ್ಕೆ ಥಂಡಾಯಿಯಲ್ಲಿ ಕಲಸಿ ಕುಡಿಯುತ್ತಾರೆ. "ನಶಾ ಮಾಡ್ತಿಯೇನು?" ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ, ಸುಳ್ಳು ಹೇಳುತ್ತಿಲ್ಲ. ಅದು ಅವರ ಲೆಕ್ಕದಲ್ಲಿ ನಶೆಯೇ ಅಲ್ಲ. ಗಿಡ ಒಂದೇ, ತಲೆಗೆ ಏರಿಸುವ ಟಿಎಚ್‌ಸಿ ಎಂಬ ರಾಸಾಯನಿಕವೂ ಅದೇ. ಸೇದಿದರೆ ಕೆಲವೇ ನಿಮಿಷದಲ್ಲಿ ಏರಿ ಎರಡು ನಾಲ್ಕು ಗಂಟೆಯಲ್ಲಿ ಇಳಿಯುತ್ತದೆ. ತಿಂದರೆ, ಕುಡಿದರೆ ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಇಳಿಯಲು ಆರು ಎಂಟು ಗಂಟೆ. ಏರಲಿಲ್ಲವೆಂದು ಎರಡನೇ ಲೋಟ ಕುಡಿದವರು ರಾತ್ರಿಯೆಲ್ಲ ಒದ್ದಾಡಿ ಬೆಳಿಗ್ಗೆ ತುರ್ತು ವಿಭಾಗಕ್ಕೆ ಬರುವುದು ಹೋಳಿಯ ಮಾಮೂಲು.

ಇಷ್ಟರಲ್ಲಿ ಅಪ್ಪ ಕುರ್ಚಿಯ ತುದಿಗೆ ಬಂದಿರುತ್ತಾನೆ. ಪೊಲೀಸರ ಭಯ. ಆ ಭಯದಿಂದಲೇ ಅರ್ಧ ಸಂಗತಿ ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ರೋಗಿಯ ಮಾಹಿತಿಯನ್ನು ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. 1985ರ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಲ್ಲಿ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ, ಅದು ನಿಜ. ಅದೇ ಕಾಯ್ದೆಯ 64ಎ ಕಲಮು ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಇಂಥ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ, ಚಿಕಿತ್ಸೆ ಪೂರ್ತಿ ಮಾಡಬೇಕೆಂಬ ಷರತ್ತಿನ ಮೇಲೆ. ಇದನ್ನು ಹೇಳಿದ ಮೇಲೆ ಪಾಕೀಟಿನ ಲೆಕ್ಕ ಮತ್ತೊಮ್ಮೆ ಕೇಳುತ್ತೇವೆ. ಎರಡನೇ ಸಲದ ಅಂಕಿ ಮೊದಲನೆಯದಕ್ಕಿಂತ ದೊಡ್ಡದಿರುತ್ತದೆ.

"ಗಾಂಜಾದಿಂದಲೇ ಈ ರೋಗ ಬಂತೇನ್ರಿ?" ಎಂಬ ಪ್ರಶ್ನೆಗೆ ಹೌದು-ಇಲ್ಲ ಎಂಬ ಉತ್ತರವಿಲ್ಲ. 2015ರಲ್ಲಿ ಆರು ಅಧ್ಯಯನಗಳನ್ನು ಪರಿಶೀಲಿಸಿ, ಅವುಗಳಲ್ಲಿ ಎರಡರ ಅಂಕಿ ಒಟ್ಟುಗೂಡಿಸಿ ನೋಡಿದಾಗ, ಗಾಂಜಾ ಬಳಸುವವರಲ್ಲಿ ಹೊಸದಾಗಿ ಉನ್ಮಾದದ ಲಕ್ಷಣ ಕಾಣುವ ಸಾಧ್ಯತೆ ಸುಮಾರು ಮೂರು ಪಟ್ಟು ಕಂಡಿತು. 2023ರಲ್ಲಿ ಡೆನ್ಮಾರ್ಕಿನ 66 ಲಕ್ಷ ಜನರ ದಾಖಲೆ ತೆಗೆದು ನೋಡಿದವರಿಗೂ, ಗಾಂಜಾ ಚಟವೆಂದು ದಾಖಲಾದವರಲ್ಲಿ ಬೈಪೋಲಾರ್ ಹೆಚ್ಚಾಗಿಯೇ ಸಿಕ್ಕಿತು. ಹಾಗೆಂದು ಸೇದಿದ ಎಲ್ಲರಿಗೂ ಬರುವುದಿಲ್ಲ. ಮನೆತನದಲ್ಲಿ ರೋಗವಿದ್ದವರಿಗೆ ಸೇದದೆಯೂ ಬರುತ್ತದೆ. ರೋಗ ಶುರುವಾಗಿ ನಿದ್ದೆ ಕೆಟ್ಟ ಮೇಲೆ ನಿದ್ದೆಗಾಗಿ ಸೇದಲು ಹತ್ತಿದವರೂ ಇದ್ದಾರೆ. ಒಮ್ಮೆ ಉನ್ಮಾದ ಬಂದುಹೋದವನಲ್ಲಿ ಅದನ್ನು ಮತ್ತೆ ಎಬ್ಬಿಸುವ, ಎದ್ದದ್ದನ್ನು ಉದ್ದ ಮಾಡುವ ಗುಣ ಗಾಂಜಾಕ್ಕೆ ಇದೆ ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಚಿಕಿತ್ಸೆಗೆ ಅಷ್ಟು ಸಾಕು. ಯಾವುದು ಮೊದಲು ಎಂಬ ತನಿಖೆಯಲ್ಲಿ ಮನೆಯವರು ವಾರಗಟ್ಟಲೆ ಕಳೆಯುತ್ತಾರೆ, ಅಷ್ಟೊತ್ತಿಗೆ ಗುಳಿಗೆ ತಪ್ಪಿರುತ್ತದೆ.

ಇನ್ನು ಕ್ಯಾಲೆಂಡರ್. ಕಿರಾಣಿ ಅಂಗಡಿಯವರು ಕೊಡುವ, ಅಡುಗೆಮನೆಯ ಮೊಳೆಗೆ ತೂಗುವ ದೊಡ್ಡ ಚೌಕದ ಕ್ಯಾಲೆಂಡರೇ ಸಾಕು. ಮೊಬೈಲಿನ ಆ್ಯಪ್ ಬೇಡ, ಮೊಬೈಲ್ ರಾತ್ರಿ ಹಾಸಿಗೆಯಲ್ಲಿ ಇರಬಾರದೆಂದು ಹೇಳುವವರು ನಾವೇ. ಒಂದೊಂದು ಚೌಕದಲ್ಲಿ ನಾಲ್ಕು ಗುರುತು. ಮೇಲೆ ಎಡಕ್ಕೆ ನಿದ್ದೆಯ ಗಂಟೆ. ಬಲಕ್ಕೆ 'ಗಾ' ಎಂದು ಬರೆದು ಎಷ್ಟು ಸೇದಿದ ಎಂಬ ಅಂಕಿ, ಸೇದದಿದ್ದರೆ ಸೊನ್ನೆ. ಕೆಳಗೆ ಎಡಕ್ಕೆ ಗುಳಿಗೆ ನುಂಗಿದ್ದಕ್ಕೆ ಒಂದು ಗೆರೆ. ಬಲಕ್ಕೆ ಮನಸ್ಸಿನ ಅಂಕಿ: ಸಮ ಇದ್ದರೆ ಸೊನ್ನೆ, ಏರಿದ್ದರೆ ಕೂಡಿಸು ಒಂದರಿಂದ ಮೂರು, ಇಳಿದಿದ್ದರೆ ಕಳೆ ಒಂದರಿಂದ ಮೂರು.

ನಿದ್ದೆಯನ್ನು ಅವ್ವ ಅಥವಾ ಹೆಂಡತಿ ಬರೆಯಬೇಕು, ಮನಸ್ಸಿನ ಅಂಕಿಯನ್ನು ಅವನೇ ಬರೆಯಬೇಕು. ಕಾರಣವಿದೆ. ಮನಸ್ಸು ಏರುತ್ತಿರುವವನು ತಾನು ಚೆನ್ನಾಗಿ ನಿದ್ದೆ ಮಾಡಿದೆ ಎಂದೇ ಹೇಳುತ್ತಾನೆ. ಮೂರು ಗಂಟೆಯೂ ಅವನಿಗೆ ಸಾಕೆನಿಸಿರುತ್ತದೆ. ಹಾಸಿಗೆಗೆ ಹೋದ ಹೊತ್ತಿನಿಂದ ಎಣಿಸುವುದು ಎಲ್ಲರೂ ಮಾಡುವ ತಪ್ಪು. ಹತ್ತಕ್ಕೆ ಮಲಗಿ ಎರಡರವರೆಗೆ ಹೊರಳಾಡಿದರೆ ಆ ನಾಲ್ಕು ಗಂಟೆ ಲೆಕ್ಕಕ್ಕಿಲ್ಲ. ರಾತ್ರಿಯ ನಿದ್ದೆಯನ್ನು ಎದ್ದ ದಿನದ ಚೌಕದಲ್ಲಿ ಬರೆಯಬೇಕು. ಇಲ್ಲದಿದ್ದರೆ ತಾರೀಖು ಹಿಂದೆ ಮುಂದೆ ಆಗಿ, ಸೇದಿದ ರಾತ್ರಿಗೂ ನಿದ್ದೆಗೂ ನಂಟು ಕಾಣುವುದಿಲ್ಲ.

ವಾರ್ಡಿನಲ್ಲಿ ಇದ್ದಾಗಲೇ ಬಿಟ್ಟವರಿಗೆ ಮೊದಲ ಗಂಡಾಂತರ ಅಲ್ಲೇ ಮುಗಿದಿರುತ್ತದೆ. ಮನೆಗೆ ಹೋಗಿ ಮತ್ತೆ ಹಿಡಿದು ಈಗ ಬಿಡುವವರಿಗೆ, ಅದರಲ್ಲೂ ದಿನಕ್ಕೆ ನಾಲ್ಕೈದು ಸೇದುವವರಿಗೆ, ಹಗಲಿನವನ್ನು ಮೊದಲು ಕಡಿಮೆ ಮಾಡಿ ಮಲಗುವ ಮುಂಚಿನದನ್ನು ಕೊನೆಗೆ ಬಿಡಿ ಎನ್ನುತ್ತೇವೆ. ಎರಡು ವಾರಕ್ಕಿಂತ ಹೆಚ್ಚು ಎಳೆಯಬಾರದು. ಎಳೆದಷ್ಟೂ ಅದು ಬಿಡುವುದಾಗಿ ಉಳಿಯುವುದಿಲ್ಲ.

ಬಿಟ್ಟ ಒಂದರಿಂದ ಮೂರು ದಿನದಲ್ಲಿ ಕಿರಿಕಿರಿ ಶುರು. ಸಿಟ್ಟು, ಚಡಪಡಿಕೆ, ಊಟ ಸೇರದಿರುವುದು, ಬೆವರು, ತಲೆನೋವು, ಹೊಟ್ಟೆ ಹಿಂಡುವುದು. ಮೊದಲ ವಾರದಲ್ಲಿ ತುತ್ತತುದಿಗೆ ಹೋಗಿ ಎರಡನೇ ವಾರ ಇಳಿಯುತ್ತದೆ. ನಿದ್ದೆ ಮಾತ್ರ ತಿಂಗಳವರೆಗೂ ಸತಾಯಿಸಬಹುದು. ಗಾಂಜಾ ಕನಸು ಬೀಳುವ ನಿದ್ದೆಯನ್ನು ಅದುಮಿಟ್ಟಿರುತ್ತದೆ. ಬಿಟ್ಟ ಮೇಲೆ ಅದು ಒಮ್ಮೆಲೇ ನುಗ್ಗಿ, ಕಣ್ಣಿಗೆ ಕಟ್ಟಿದಂಥ ಕೆಟ್ಟ ಕನಸು ಬೀಳುತ್ತವೆ. ಸೇದುವ ಕನಸೂ ಬೀಳುತ್ತದೆ, ಹುಡುಗರು ಎದ್ದು ಗಾಬರಿಯಾಗುತ್ತಾರೆ.

ಮನೆಯವರು ಎಡವುವುದು ಇಲ್ಲೇ. ನಿದ್ದೆಯಿಲ್ಲ, ಸಿಟ್ಟು ಮೂಗಿನ ತುದಿಯಲ್ಲಿ, ಮನೆಯೊಳಗೆ ಅಡ್ಡಾಟ. ಅವರು ಕಂಡ ಉನ್ಮಾದವೂ ಹೀಗೇ ಇತ್ತು. "ಮತ್ತ ಸುರು ಆಯ್ತ್ರಿ" ಎಂದು ಫೋನು ಬರುತ್ತದೆ. ಇನ್ನೊಂದು ಮನೆಯಲ್ಲಿ ಅಣ್ಣನೇ ಹೋಗಿ ಒಂದು ಸಿಗರೇಟು ತಂದು ಕೊಡುತ್ತಾನೆ, "ಸೇದಿದ್ರ ಸುಮ್ಮ ಮಲಗ್ತಾನ" ಎಂದು. ಆ ರಾತ್ರಿ ಮಲಗುತ್ತಾನೆ ಕೂಡ. ಎಣಿಕೆ ಮತ್ತೆ ಮೊದಲ ದಿನಕ್ಕೆ ಬಂತು.

ಬಿಟ್ಟ ಬಾಧೆಯನ್ನೂ ಉನ್ಮಾದವನ್ನೂ ಬೇರೆ ಮಾಡಲು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳುತ್ತೇವೆ.

"ಅವ್ವಾ, ನಿದ್ದಿ ಇಲ್ಲ ಅಂದಿ. ಮುಂಜಾನಿ ಎದ್ದ ಮ್ಯಾಲ ಹ್ಯಾಂಗಿರ್ತಾನ?"

"ಸುಸ್ತ್ ಅದ್ರಿ. ಮಾರಿ ಜೋತುಬಿದ್ದದ. ಮಲಗಬೇಕಂತಾನ, ನಿದ್ದಿ ಹತ್ತಂಗಿಲ್ಲ."

ಇದು ಬಿಟ್ಟ ಬಾಧೆ. ನಿದ್ದೆ ಬೇಕು, ಬರುತ್ತಿಲ್ಲ. ಉನ್ಮಾದದಲ್ಲಿ ನಿದ್ದೆಯೇ ಬೇಡ. ಮೂರು ಗಂಟೆ ಮಲಗಿ ನಾಲ್ಕಕ್ಕೆ ಎದ್ದು ಅಂಗಳ ಗುಡಿಸಿ, ಯಾರದೋ ಹೊಲ ಕೊಳ್ಳುವ ಮಾತಾಡುತ್ತ, ಸಂಜೆಯಾದರೂ ದಣಿವೆನ್ನುವುದಿಲ್ಲ. ಮಾತು ಒಂದರ ಮೇಲೊಂದು ಏರುತ್ತದೆ, ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ಎರಡು ರಾತ್ರಿ ಸಾಲಾಗಿ ನಿದ್ದೆ ನಾಲ್ಕು ಗಂಟೆಗಿಂತ ಕಡಿಮೆಯಾಗಿ, ಹಗಲು ಸುಸ್ತೇ ಇಲ್ಲವೆಂದರೆ ಮುಂದಿನ ತಾರೀಖಿಗೆ ಕಾಯಬೇಡಿ, ಅದೇ ದಿನ ವೈದ್ಯರಿಗೆ ಹೇಳಿ. ಕ್ಯಾಲೆಂಡರಿನಲ್ಲಿ ಅಂಥ ಎರಡು ಚೌಕಕ್ಕೆ ಕೆಂಪು ಪೆನ್ನಿನ ಸುತ್ತು ಹಾಕಲು ಹೇಳಿರುತ್ತೇವೆ. ಓದಲು ಬಾರದ ತಾಯಂದಿರೂ ಈ ಕೆಂಪು ಸುತ್ತನ್ನು ತಪ್ಪಿಸಿದ್ದು ಕಡಿಮೆ. ಹೊತ್ತಲ್ಲದ ಹೊತ್ತಿನಲ್ಲಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಚಟದ ಮಾತಿಗೆ 14446.

ತಂಬಾಕಿನ ವಿಷಯ ಬಾಕಿ ಇತ್ತು. ಉನ್ಮಾದ ಇಳಿಸಲು ಕೊಡುವ ಓಲಾಂಜಪಿನ್ ಗುಳಿಗೆಯನ್ನು ಯಕೃತ್ತಿನ ಒಂದು ಕಿಣ್ವ ಕರಗಿಸುತ್ತದೆ. ಹೊಗೆ ಆ ಕಿಣ್ವವನ್ನು ಚುರುಕು ಮಾಡುತ್ತದೆ. ಮಾಡುವುದು ಹೊಗೆ, ನಿಕೋಟಿನ್ ಅಲ್ಲ. ಬೀಡಿಯ ಹೊಗೆಯೂ ಆಯಿತು, ಗಾಂಜಾದ ಹೊಗೆಯೂ ಆಯಿತು. ಸೇದುವವನಿಗೆ ಗುಳಿಗೆ ಬೇಗ ಕರಗಿಹೋಗುತ್ತಿತ್ತು, ವೈದ್ಯರು ಅದಕ್ಕೆ ತಕ್ಕಂತೆ ಪ್ರಮಾಣ ಏರಿಸಿದ್ದರು. ಈಗ ಹುಡುಗ ಗಾಂಜಾ, ಬೀಡಿ ಎರಡನ್ನೂ ಒಟ್ಟಿಗೆ ಬಿಟ್ಟ. ಒಂದು ವಾರದೊಳಗೆ ಕಿಣ್ವ ತಣ್ಣಗಾಗಿ, ಅದೇ ಗುಳಿಗೆ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಹಗಲೆಲ್ಲ ತೂಕಡಿಕೆ, ಕೈಕಾಲು ಬಿಗಿ. "ಗಾಂಜಾ ಬಿಟ್ಟು ಮಂಕಾದ" ಎಂದು ಊರವರು ಹೇಳುತ್ತಾರೆ. ಮಂಕಾಗಿದ್ದು ಗುಳಿಗೆಯ ಮಟ್ಟ ಏರಿದ್ದಕ್ಕೆ. ಬಿಡುವ ದಿನವನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ಅವರು ಪ್ರಮಾಣ ತಗ್ಗಿಸುತ್ತಾರೆ. ತಾನಾಗಿಯೇ ಅರ್ಧ ಮಾಡಿಕೊಳ್ಳುವಂತಿಲ್ಲ. ಅದೇ ಜಾತಿಯ ಕ್ಲೋಜಪಿನ್ ನುಂಗುವವರಲ್ಲಿ ಈ ಏರಿಕೆ ಇನ್ನೂ ಅಪಾಯದ್ದು.

ಚಹಾದಲ್ಲಿರುವ ಕೆಫೀನನ್ನೂ ಇದೇ ಕಿಣ್ವ ಕರಗಿಸುತ್ತದೆ. ಸೇದುವುದು ಬಿಟ್ಟವರು ಕೈ ಖಾಲಿ ಎನಿಸಿ ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ದಿನಕ್ಕೆ ಎಂಟು ಹತ್ತು ಕಟ್ ಚಹಾ ಕುಡಿಯುತ್ತಾರೆ. ಮೊದಲಿನಷ್ಟೇ ಕುಡಿದರೂ ಈಗ ಅದು ಹೆಚ್ಚು ಹೊತ್ತು ನಿಲ್ಲುತ್ತದೆ, ನಿದ್ದೆ ಕೆಡಿಸುತ್ತದೆ. ಮಧ್ಯಾಹ್ನ ಎರಡರ ಮೇಲೆ ಚಹಾ ಬೇಡವೆಂದು ಬರೆದುಕೊಡುತ್ತೇವೆ. ಚೀಟಿಯಲ್ಲಿ ಹೆಚ್ಚು ಜಗಳ ತರುವ ಸಾಲು ಅದೇ.

ಲಿಥಿಯಂ ಹೊಗೆಗೆ ಬಗ್ಗುವುದಿಲ್ಲ. ಅದು ಯಕೃತ್ತಿಗೆ ಹೋಗದೆ ಮೂತ್ರಪಿಂಡದ ದಾರಿಯಲ್ಲೇ ಹೊರಬೀಳುತ್ತದೆ. ಅದಕ್ಕೆ ಶತ್ರು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ಬೆವರಿನಲ್ಲಿ ನೀರು, ಉಪ್ಪು ಹೋದಾಗ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತ ಲಿಥಿಯಂ ಅನ್ನೂ ಹಿಡಿದಿಡುತ್ತದೆ, ಮಟ್ಟ ಏರುತ್ತದೆ. ಕಲ್ಲುಗಣಿಯಲ್ಲಿ, ಹೊಲದಲ್ಲಿ ದುಡಿಯುವವರು ನೀರಿನ ಬಾಟಲಿ ಜೊತೆಗಿಟ್ಟುಕೊಂಡು ಉಪ್ಪಿನ ಮಜ್ಜಿಗೆ ಕುಡಿಯಬೇಕು. ಬಿ.ಪಿ.ಗೆಂದು ಒಮ್ಮೆಲೇ ಉಪ್ಪು ಬಿಡಬಾರದು. ರೋಜಾ ಹಿಡಿಯುವವರು, ಶ್ರಾವಣದ ನಿಟ್ಟುಪವಾಸ ಮಾಡುವವರು ಎರಡು ವಾರ ಮೊದಲೇ ಹೇಳಿದರೆ ಗುಳಿಗೆಯ ಹೊತ್ತು ಹೊಂದಿಸಬಹುದು. ಮೈಕೈ ನೋವಿಗೆ ಮೆಡಿಕಲ್ ಅಂಗಡಿಯಲ್ಲಿ ಕೇಳಿ ನುಂಗುವ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಕೂಡ ಲಿಥಿಯಂ ಏರಿಸುತ್ತವೆ. ನೋವಿಗೆ ಪ್ಯಾರಸಿಟಮಾಲ್ ಸಾಕು. ಗಾಂಜಾ ಬಿಟ್ಟ ಮೊದಲ ವಾರ ಹಲವರಿಗೆ ತಲೆನೋವು ಇರುತ್ತದೆ, ತಪ್ಪು ಗುಳಿಗೆ ನುಂಗುವುದೂ ಅದೇ ವಾರ. ಕೈ ದಪ್ಪಗೆ ನಡುಗುವುದು, ಭೇದಿ, ವಾಂತಿ, ತೊದಲು, ಓಲಾಟ ಕಂಡರೆ ಲಿಥಿಯಂ ನಿಲ್ಲಿಸಿ ಅದೇ ಹೊತ್ತಿಗೆ ಆಸ್ಪತ್ರೆ ಸೇರಬೇಕು.

ರಕ್ತ ಕೊಡುವಾಗ ಆಗುವ ತಪ್ಪುಗಳನ್ನು ಬಿಡಿಸಿ ಹೇಳಬೇಕು. ಕೊನೆಯ ಗುಳಿಗೆ ನುಂಗಿ ಹನ್ನೆರಡು ಗಂಟೆಗೆ ರಕ್ತ ತೆಗೆಯಬೇಕು, ಪ್ರಮಾಣ ಬದಲಿಸಿದ್ದರೆ ಐದರಿಂದ ಏಳು ದಿನ ಬಿಟ್ಟು. ರಾತ್ರಿ ಒಂಬತ್ತಕ್ಕೆ ನುಂಗಿದವರು ಬೆಳಿಗ್ಗೆ ಒಂಬತ್ತಕ್ಕೆ ಕೊಡಬೇಕು, ಬೆಳಗಿನ ಗುಳಿಗೆ ಇದ್ದರೆ ರಕ್ತ ಕೊಟ್ಟ ಮೇಲೆ. ಅಫಜಲಪುರದಿಂದ ಬರುವ ಬಸ್ಸು ತಡವಾಗಿ ಹನ್ನೊಂದಾಗುತ್ತದೆ ಎಂದು ಗೊತ್ತಿದ್ದರೆ ಹಿಂದಿನ ರಾತ್ರಿ ಹನ್ನೊಂದಕ್ಕೇ ನುಂಗಲಿ. ನುಂಗಿದ ಹೊತ್ತು, ರಕ್ತ ತೆಗೆದ ಹೊತ್ತು ಎರಡನ್ನೂ ಚೀಟಿಯ ಹಿಂದೆ ಬರೆಸಿ. ಮನೆಯಿಂದ ಹೊರಡುವಾಗ ಗುಳಿಗೆ ನುಂಗಿ ಬಂದರೆ ಮಟ್ಟ ಸುಳ್ಳೇ ಹೆಚ್ಚು ಬರುತ್ತದೆ, ವೈದ್ಯರು ಪ್ರಮಾಣ ಇಳಿಸುತ್ತಾರೆ, ಮುಂದಿನ ತಿಂಗಳು ಉನ್ಮಾದ. ಇನ್ನೊಂದು ಎಡವಟ್ಟು ಲ್ಯಾಬಿನಲ್ಲಿ. ಹಸಿರು ಮುಚ್ಚಳದ ಕೆಲವು ಟ್ಯೂಬುಗಳ ಒಳಗೆ ರಕ್ತ ಹೆಪ್ಪುಗಟ್ಟದಿರಲು ಹಚ್ಚುವುದೇ ಲಿಥಿಯಂ ಹೆಪಾರಿನ್. ಅದರಲ್ಲಿ ರಕ್ತ ತೆಗೆದರೆ ಗುಳಿಗೆಯನ್ನೇ ನೋಡದವನ ರಕ್ತದಲ್ಲೂ ಲಿಥಿಯಂ ಬರುತ್ತದೆ. "ಲಿಥಿಯಂ ತಪಾಸಣೆಗೆ ಅದ್ರಿ, ಸಾದಾ ಟ್ಯೂಬಿನ್ಯಾಗ ತಗೀರಿ" ಎಂದು ರೋಗಿಯ ಮನೆಯವರೇ ಹೇಳಲು ಕಲಿಯಲಿ, ನಾಚಿಕೆಪಡುವಂಥದ್ದೇನಿಲ್ಲ. ರೋಗ ಹಿಡಿತದಲ್ಲಿ ಇಡಲು ರಕ್ತದಲ್ಲಿ ಲಿಥಿಯಂ ಮಟ್ಟ ಸಾಮಾನ್ಯವಾಗಿ 0.6ರಿಂದ 1.0 mEq/L ಒಳಗೆ ಇರಬೇಕು. 1.5 ದಾಟಿದರೆ ವಿಷ. ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಥೈರಾಯ್ಡ್ ತಪಾಸಣೆ ಆರು ತಿಂಗಳಿಗೊಮ್ಮೆ.

ಮೂರನೇ, ನಾಲ್ಕನೇ ವಾರ ಮನಸ್ಸು ಇಳಿಯುತ್ತದೆ. ಕ್ಯಾಲೆಂಡರಿನಲ್ಲಿ ಕಳೆ ಒಂದು, ಕಳೆ ಎರಡು ಸಾಲಾಗಿ ಕೂರುತ್ತವೆ. ಊರಿನ ವೈದ್ಯರ ಹತ್ತಿರ ಸುಸ್ತು, ಬೇಜಾರು ಎಂದಷ್ಟೇ ಹೇಳಿದರೆ ಅವರು ಖಿನ್ನತೆಯ ಗುಳಿಗೆಯೊಂದನ್ನೇ ಬರೆಯಬಹುದು. ಉನ್ಮಾದ ಬಂದುಹೋದವನಿಗೆ ಅದೊಂದನ್ನೇ ಕೊಟ್ಟರೆ ಮನಸ್ಸು ಮತ್ತೆ ಮೇಲಕ್ಕೆ ಜಿಗಿಯುವ ಅಪಾಯವಿದೆ. ಹಳೆಯ ಡಿಸ್ಚಾರ್ಜ್ ಕಾಗದದ ಒಂದು ಜೆರಾಕ್ಸ್ ಜೇಬಿನಲ್ಲಿರಲಿ. ಸಾಯುವ ಮಾತು ಬಂದರೆ ಮಾತ್ರ ಕ್ಯಾಲೆಂಡರ್, ತಾರೀಖು ಯಾವುದನ್ನೂ ನೋಡಬೇಡಿ, ಒಬ್ಬನೇ ಬಿಡದೆ ಕರೆದುಕೊಂಡು ಬನ್ನಿ.

ಮೂತ್ರದ ತಪಾಸಣೆಯಿಂದ ಇದೇ ಹೊತ್ತಿಗೆ ಮನೆಯಲ್ಲಿ ಜಗಳ ಹುಟ್ಟುತ್ತದೆ. ಅಪ್ಪ ಕಿಟ್ ತಂದು ಪರೀಕ್ಷಿಸುತ್ತಾನೆ, ಪಾಸಿಟಿವ್. ಟಿಎಚ್‌ಸಿ ಕೊಬ್ಬಿನಲ್ಲಿ ಕೂತು ನಿಧಾನ ಹೊರಬರುವ ವಸ್ತು. ಅಪರೂಪಕ್ಕೆ ಒಮ್ಮೆ ಸೇದಿದವನ ಮೂತ್ರದಲ್ಲಿ ಮೂರು ದಿನ ಸಿಕ್ಕರೆ, ವರ್ಷಗಟ್ಟಲೆ ದಿನಾ ಸೇದಿದವನಲ್ಲಿ ತಿಂಗಳು ದಾಟಿಯೂ ಸಿಗಬಹುದು. ನಾಲ್ಕನೇ ವಾರದ ಪಾಸಿಟಿವ್ ಹುಡುಗ ಸುಳ್ಳು ಹೇಳಿದ್ದಕ್ಕೆ ಸಾಕ್ಷಿಯಲ್ಲ. ಮನೆಯಲ್ಲಿ ಕಿಟ್ ಇಡಲೇಬೇಡಿ ಎನ್ನುವುದು ನಮ್ಮ ಅಭಿಪ್ರಾಯ. ಕ್ಯಾಲೆಂಡರಿನಲ್ಲಿ ನಿಜ ಬರೆಯುವ ಹುಡುಗ ಕಿಟ್ ಬಂದ ದಿನದಿಂದ ಸೊನ್ನೆ ಬರೆಯಲು ಹತ್ತುತ್ತಾನೆ.

ಗಾಂಜಾ ಗಿಡದ್ದೇ ಇನ್ನೊಂದು ರಾಸಾಯನಿಕವಾದ ಸಿಬಿಡಿಯ ಎಣ್ಣೆಯ ಬಗ್ಗೆಯೂ ಕೇಳುತ್ತಾರೆ, ಆನ್‌ಲೈನಿನಲ್ಲಿ ನೋಡಿರುತ್ತಾರೆ. ಬೈಪೋಲಾರ್‌ಗೆ ಅದು ಮದ್ದೆಂದು ಸಾಬೀತಾಗಿಲ್ಲ. ವ್ಯಾಲ್‌ಪ್ರೊಯೇಟ್ ನುಂಗುವವರಲ್ಲಿ ಯಕೃತ್ತಿನ ಕಿಣ್ವಗಳನ್ನು ಏರಿಸುತ್ತದೆ. ವಿಜಯಾ ಎಂಬ ಹೆಸರಿನ ಆಯುರ್ವೇದ ಸಾರಗಳು ಇದೇ ಗಿಡದ ಎಲೆಯವು, ಅವುಗಳಲ್ಲಿ ಟಿಎಚ್‌ಸಿ ಇರುತ್ತದೆ.

ಆರನೇ ವಾರ ಬರುವಾಗ ಕ್ಯಾಲೆಂಡರಿನ ಹಾಳೆ ಹರಿದು ತನ್ನಿ ಎಂದಿರುತ್ತೇವೆ. ಎಣ್ಣೆಯ ಬೆರಳು ಮೂಡಿರುತ್ತದೆ, ಹಿಂಬದಿ ಹಾಲಿನವನ ಲೆಕ್ಕ ಇರುತ್ತದೆ. ನಡುವೆ ಎಲ್ಲೋ ಒಂದು 'ಗಾ 2' ಕಾಣುತ್ತದೆ, ಗೆಳೆಯನ ಮದುವೆಯ ದಿನ. ಅದರ ಮುಂದಿನ ಚೌಕದಲ್ಲಿ ನಿದ್ದೆ ಎಂಟು, ಆಮೇಲಿನ ಮೂರು ಚೌಕದಲ್ಲಿ ಐದು, ನಾಲ್ಕೂವರೆ, ಐದು. ಗುಳಿಗೆಯ ಗೆರೆ ನಾಲ್ಕೂ ದಿನ ತಪ್ಪಿಲ್ಲ, ಮನಸ್ಸಿನ ಅಂಕಿ ಕೂಡಿಸು ಒಂದನ್ನು ದಾಟಿಲ್ಲ. ನಾವು ಬೆರಳಿಟ್ಟು ತೋರಿಸುವ ಮೊದಲೇ ಹುಡುಗ ಆ ಸಾಲಿನ ಮೇಲೆ ಬೆರಳಾಡಿಸಿ, "ಒಂದಿನ ಛಲೋ ಮಲಗೀನಿ, ಮೂರು ದಿನ ಕೆಟ್ಟದ್ರಿ" ಎನ್ನುತ್ತಾನೆ. ಅವ್ವ ಚೀಲದಿಂದ ಮುಂದಿನ ತಿಂಗಳ ಹಾಳೆ ತೆಗೆದು, ರಕ್ತ ಕೊಡುವ ತಾರೀಖಿಗೆ ಎಲ್ಲಿ ಗುರುತು ಹಾಕಬೇಕೆಂದು ಕೇಳುತ್ತಾಳೆ.